ಇಲ್ಲದ ಸೊನ್ನೆ

ನಮ್ಮ ಕನ್ನಡ ಲಿಪಿಯಲ್ಲಿ ಸೊನ್ನೆಯು ಅತಿ ಚಿಕ್ಕ ಗುರುತು. ಆದರೆ ಅದರ ಅಧಿಕಾರವು ಚಿಕ್ಕದಲ್ಲ. ‘ತಡ’ ಎಂಬಲ್ಲಿ ಒಂದು ಸೊನ್ನೆಯನ್ನಿಟ್ಟರೆ ‘ತಂಡ’ವಾಗುತ್ತದೆ; ‘ಮಗಳ’ ಎಂಬಲ್ಲಿಟ್ಟರೆ ‘ಮಂಗಳ’ವಾಗುತ್ತದೆ. ಶುದ್ಧ ಬರಹದ ತಾಸಿನಲ್ಲಿ ನಾನು ಇದನ್ನು ನಿಮಗೆ ಎಷ್ಟೋ ಸಲ ಹೇಳಿದ್ದುಂಟು. ಆದರೆ ಯಾರೂ ಬರೆಯದ ಸೊನ್ನೆಯೊಂದು ತಾನಾಗಿಯೇ ಬಂದು ಕುಳಿತು, ಒಬ್ಬ ಮನುಷ್ಯನ ಹೆಸರನ್ನು ಕೆಡಿಸಬಲ್ಲುದೆಂಬುದನ್ನು ನಾನು ಕಳೆದ ವರ್ಷವೇ ಕಲಿತುಕೊಂಡೆನು. ಕಲಿಸಿದುದು ಒಂದು ಹಳೆಯ ಕ್ಯಾಮರಾ. ಆ ಪಾಠವನ್ನು ನಮ್ಮ ಈ ವಾರ್ಷಿಕ ಸಂಚಿಕೆಯ ಮೂಲಕ ನಿಮ್ಮ ಮುಂದೆ ಇಡುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ.

ನಮ್ಮ ಶಾಲೆಯ ಕಪಾಟಿನಲ್ಲಿ ಜನರಲ್ ರಜಿಸ್ಟರುಗಳಿರುವುದು ನಿಮಗೆ ಗೊತ್ತು. ಶಾಲೆಗೆ ಸೇರಿದ ಪ್ರತಿಯೊಂದು ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಹುಟ್ಟಿದ ಊರು, ಹುಟ್ಟಿದ ದಿನಾಂಕ, ಶಾಲೆ ಬಿಟ್ಟ ದಿನಾಂಕ ಇವೆಲ್ಲವೂ ಅವುಗಳಲ್ಲಿ ಕನ್ನಡದಲ್ಲಿ ಮಸಿಯಿಂದ ಬರೆಯಲ್ಪಟ್ಟಿವೆ. ಹಳೆಯ ಪುಸ್ತಕಗಳ ಕಾಗದವು ಕಂದಾಗಿ, ಮುಟ್ಟಿದರೆ ಮುರಿಯುವಂತಾಗಿದೆ. ಮುಂಬಯಿಯ ಮಳೆಗಾಲದ ಥಂಡಿಯೂ ಹುಳುವೂ ಸೇರಿ ಅವನ್ನು ದಿನೇ ದಿನೇ ತಿನ್ನುತ್ತಿವೆ. ಹೀಗಿರಲಾಗಿ, ಪುಟ ಪುಟವನ್ನೂ ಛಾಯಾಚಿತ್ರದಲ್ಲಿ ಇಳಿಸಿಕೊಂಡು ಕಾಪಾಡಬೇಕೆಂದು ನಾವು ನಿಶ್ಚಯಿಸಿದೆವು. ಹೊಸ ಕ್ಯಾಮರಾ ಕೊಳ್ಳುವ ಶಕ್ತಿ ಶಾಲೆಗೆ ಇರಲಿಲ್ಲ. ಹಳೆಯ ವಿದ್ಯಾರ್ಥಿಗಳು ಕೊಟ್ಟ ಹಣವನ್ನು ಕೈಯಲ್ಲಿ ಹಿಡಿದು, ನಾನು ಕೋಟೆ ಭಾಗದ ಬೋರಾ ಬಜಾರಿಗೆ ಹೋಗಿ, ಒಂದು ಸೆಕೆಂಡ್ ಹ್ಯಾಂಡ್ ಡಿಜಿಟಲ್ ಕ್ಯಾಮರಾವನ್ನು ಕೊಂಡು ತಂದೆನು. ಲೋಕಲ್ ಗಾಡಿಯ ಗರ್ದಿಯಲ್ಲಿ ಅದನ್ನು ಕೂಸಿನಂತೆ ಎದೆಗವಚಿಕೊಂಡು ಬಂದುದು ಇನ್ನೂ ನೆನಪಿದೆ.

ಒಂಬತ್ತನೆಯ ಇಯತ್ತೆಯ ಮಕ್ಕಳು ಪುಟ ತಿರುವಿದರು. ನಾನು ಗುಂಡಿ ಒತ್ತಿದೆನು. ಬಳಿಕ ಚಿತ್ರಗಳನ್ನು ನೋಡಿ ಹೆಸರುಗಳ ಪಟ್ಟಿಯನ್ನು ಗಣಕಯಂತ್ರದಲ್ಲಿ ಏರಿಸಿದೆವು. ಕೆಲಸವು ಸರಾಗವಾಗಿ ಸಾಗಿತೆಂದು ನಾವೆಲ್ಲರೂ ಹಿಗ್ಗಿದೆವು.

ಕೆಲವು ವಾರಗಳ ಮೇಲೆ ಒಬ್ಬ ಹಿರಿಯರು ಶಾಲೆಗೆ ಬಂದರು. ಅವರ ತಂದೆ ಇಲ್ಲಿಯ ಬಟ್ಟೆಯ ಗಿರಣಿಯಲ್ಲಿ ದುಡಿದವರು; ಇವರು ೧೯೬೦ರ ದಶಕದಲ್ಲಿ ನಮ್ಮ ಶಾಲೆಯಲ್ಲಿ ಕಲಿತವರು. ಯಾವುದೋ ಕಾಗದಪತ್ರಕ್ಕಾಗಿ ಅವರಿಗೆ ಶಾಲೆ ಬಿಟ್ಟ ದಾಖಲೆಯ ಇನ್ನೊಂದು ಪ್ರತಿ ಬೇಕಾಗಿತ್ತು. ನಾವು ಹೊಸ ಪಟ್ಟಿಯನ್ನು ನೋಡಿ, ಎರಡೇ ನಿಮಿಷಗಳಲ್ಲಿ ದಾಖಲೆಯನ್ನು ಬರೆದು ಅವರ ಕೈಯಲ್ಲಿಟ್ಟೆವು. ಅವರು ಕನ್ನಡಕವನ್ನು ಏರಿಸಿ ನಿಧಾನವಾಗಿ ಓದಿ, ನಕ್ಕು, ಹೇಳಿದರು: “ಗುರುಗಳೇ, ನಮ್ಮ ಅಡ್ಡಹೆಸರು ಅಗಡಿ ಅದರೀ. ನೀವು ಅಂಗಡಿ ಅಂತ ಬರದೀರಿ. ನಮ್ಮಪ್ಪ ಎಂದೂ ಅಂಗಡಿ ಇಟ್ಟವನಲ್ಲ.”

ನಾನು ಚಿತ್ರವನ್ನು ತೆರೆದು ತೋರಿಸಿದೆನು. ಅಲ್ಲಿ ‘ಅ’ಕಾರಕ್ಕೂ ‘ಗ’ಕಾರಕ್ಕೂ ನಡುವೆ ಸೊನ್ನೆಯಂತಹ ಕಪ್ಪು ಗುರುತು ಸ್ಪಷ್ಟವಾಗಿಯೇ ಇತ್ತು. ಕಪಾಟಿನಿಂದ ಮೂಲ ಪುಸ್ತಕವನ್ನು ತೆಗೆದು ನೋಡಿದರೆ ಅಲ್ಲಿ ಅದು ಇರಲಿಲ್ಲ! ಅಗಡಿಯು ಹಾವೇರಿ ಜಿಲ್ಲೆಯ ಊರು. ಗಳಗನಾಥರು ಸಂಪಾದಿಸಿದ ‘ಸದ್ಬೋಧ ಚಂದ್ರಿಕೆ’ಯು ಪ್ರಕಟವಾಗುತ್ತಿದ್ದ ಊರು. ಅಂತಹ ಊರಿನ ಹೆಸರನ್ನು ಹೊತ್ತ ಮನೆತನವನ್ನು ನಾವು ಅರಿಯದೆಯೇ ಅಂಗಡಿಕಾರರನ್ನಾಗಿ ಮಾಡಿದ್ದೆವು. ಮುಖ್ಯಾಧ್ಯಾಪಕರ ಸಹಿ ಇನ್ನೂ ಆಗದಿದ್ದುದೇ ನಮ್ಮ ಪುಣ್ಯ.

ಇನ್ನು ನನ್ನ ತಪ್ಪನ್ನು ಹೇಳಿಕೊಳ್ಳುತ್ತೇನೆ. ಕ್ಯಾಮರಾದ ಮಸೂರದ ಮೇಲೆ, ಎಂದರೆ ಲೆನ್ಸಿನ ಮೇಲೆ, ಧೂಳು ಕುಳಿತಿರಬೇಕೆಂದು ಊಹಿಸಿ ಕರವಸ್ತ್ರದಿಂದ ಒರಸಿದೆನು. ಮತ್ತೆ ಚಿತ್ರ ತೆಗೆದರೆ ಗುರುತು ಹಾಗೆಯೇ ಇತ್ತು. ಬಾಯಿಂದ ಹಬೆ ಹಾಕಿ ಇನ್ನಷ್ಟು ಉಜ್ಜಿದೆನು. ಗುರುತು ಹೋಗಲಿಲ್ಲ, ಬದಲಾಗಿ, ಕರವಸ್ತ್ರದ ಜಿಡ್ಡು ಗಾಜಿಗೆ ಹತ್ತಿ ಚಿತ್ರವೆಲ್ಲ ಮಂಜು ಕವಿದಂತಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯನ್ನು ನಿಮಗೆ ಕಲಿಸಿದವನು ನಾನೇ. ಆ ದಿನ ಬರೆಯ ಕಬ್ಬಿಣ ನನ್ನ ಕೈಯಲ್ಲಿಯೇ ಇತ್ತು.

ನಿಜವಾದ ಕಾರಣವನ್ನು ಕಂಡವಳು ನಾನಲ್ಲ, ಪುಟ ತಿರುವುತ್ತಿದ್ದ ಒಬ್ಬ ಹುಡುಗಿ. ಅವಳು ಚಿತ್ರಗಳನ್ನು ಒಂದರ ಹಿಂದೊಂದರಂತೆ ಬೇಗ ಬೇಗ ಸರಿಸುತ್ತ, “ಸರ್, ಈ ಸೊನ್ನಿ ಎಲ್ಲಾ ಪುಟದಾಗೂ ಅದೇ ಜಾಗಾದಾಗ ಐತಿ ನೋಡ್ರಿ” ಎಂದಳು. ಹೌದು! ಒಂದು ಪುಟದಲ್ಲಿ ಅದು ಬಿಳಿಯ ಅಂಚಿನ ಮೇಲೆ ಬಿದ್ದಿತ್ತು, ಇನ್ನೊಂದರಲ್ಲಿ ಗೆರೆಯ ಮೇಲೆ, ಮತ್ತೊಂದರಲ್ಲಿ ಅಕ್ಷರದ ಹೊಟ್ಟೆಯಲ್ಲಿ. ಪುಟಗಳು ಬದಲಾದರೂ ಗುರುತು ಮಾತ್ರ ತನ್ನ ಸ್ಥಳವನ್ನು ಬಿಟ್ಟು ಕದಲಿರಲಿಲ್ಲ. ಅಂದಮೇಲೆ ಅದು ಪುಸ್ತಕದಲ್ಲಿಲ್ಲ, ಕ್ಯಾಮರಾದ ಒಳಗಿದೆಯೆಂಬುದು ಸಿದ್ಧವಾಯಿತು. ಗದರಿಸಿ ಸುಮ್ಮನಿರಿಸದೆ ಅವಳ ಮಾತನ್ನು ಕೇಳಿದುದೊಂದೇ ಆ ದಿನ ನಾನು ಮಾಡಿದ ಜಾಣತನ.

ಅದು ಎಲ್ಲಿತ್ತು? ಡಿಜಿಟಲ್ ಕ್ಯಾಮರಾದಲ್ಲಿ ಫಿಲ್ಮಿನ ಸ್ಥಾನದಲ್ಲಿ ಸೆನ್ಸರ್ ಎಂಬ ಬೆಳಕಿನ ಫಲಕವಿದೆ. ಅದರ ಮುಂದೆ ತೆಳುವಾದ ಗಾಜಿನ ಸೋಸುಪಟ್ಟಿಯೊಂದಿದ್ದು, ಲೆನ್ಸನ್ನು ಬದಲಿಸುವಾಗ ಒಳಹೊಕ್ಕ ಧೂಳು ಆ ಗಾಜಿನ ಮೇಲೆ ಕೂಡುತ್ತದೆ. ಫಿಲ್ಮಿನ ಕಾಲದಲ್ಲಿ ಪ್ರತಿ ಚಿತ್ರಕ್ಕೂ ಫಿಲ್ಮಿನ ಹೊಸ ಭಾಗವು ಮುಂದೆ ಬರುತ್ತಿತ್ತು. ಒಂದರ ಮೇಲೆ ಕುಳಿತ ಧೂಳು ಅದರೊಡನೆಯೇ ಸರಿದು ಹೋಗುತ್ತಿತ್ತು. ಮುಂಬಯಿಯಲ್ಲಿ ಛಾಯಾಗ್ರಹಣದ ಸಂಘವು ೧೮೫೪ರಷ್ಟು ಹಿಂದೆಯೇ ಸ್ಥಾಪನೆಯಾಯಿತು. ಮೈಸೂರಿನಲ್ಲಿ ೧೯೨೩ರಲ್ಲಿ ಹುಟ್ಟಿ, ೧೯೭೭ರಲ್ಲಿ ಪದ್ಮಶ್ರೀ ಪಡೆದ ನಮ್ಮ ಟಿ. ಎಸ್. ಸತ್ಯನ್ ಅವರು ಜೀವಮಾನದ ಬಹುಭಾಗ ಫಿಲ್ಮಿನಿಂದಲೇ ಸಾಮಾನ್ಯ ಜನರ ಮುಖಗಳನ್ನು ಸೆರೆಹಿಡಿದರು. ಅವರ ಕಾಲದವರಿಗೂ ಧೂಳಿನ ಕಾಟವಿತ್ತು. ಆದರೆ ಒಂದೇ ಕಣವು ಸಾವಿರ ಚಿತ್ರಗಳ ಒಂದೇ ಸ್ಥಳದಲ್ಲಿ ಕೂಡುವ ಕಾಟವು ಡಿಜಿಟಲ್ ಕ್ಯಾಮರಾದೊಡನೆ ಬಂದುದು.

ಇಷ್ಟು ಚಿಕ್ಕ ಕಣವು ಸೊನ್ನೆಯಷ್ಟು ದೊಡ್ಡದಾಗುವುದು ಹೇಗೆಂದು ನೀವು ಕೇಳಬಹುದು. ಲೆಕ್ಕ ಹಾಕಿ ನೋಡಿರಿ. ನಮ್ಮ ಕ್ಯಾಮರಾದ ಸೆನ್ಸರು ಸುಮಾರು ೨೪ ಮಿಲಿಮೀಟರ್ ಅಗಲವಿದೆ. ಆ ಅಗಲದಲ್ಲಿ ೬೦೦೦ ಬಿಂದುಗಳಿವೆ. ತೆರೆದ ರಜಿಸ್ಟರಿನ ಅಗಲ ೪೦ ಸೆಂಟಿಮೀಟರ್, ಅಂದರೆ ೪೦೦ ಮಿಲಿಮೀಟರ್. ಆದುದರಿಂದ ಕಾಗದದ ಒಂದೊಂದು ಮಿಲಿಮೀಟರಿಗೆ ೧೫ ಬಿಂದುಗಳು. ಎರಡು ಮಿಲಿಮೀಟರಿನ ಸೊನ್ನೆಗೆ ೩೦ ಬಿಂದುಗಳು. ಸೆನ್ಸರಿನ ಮೇಲೆ ೩೦ ಬಿಂದುಗಳೆಂದರೆ ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತ ತುಸು ಹೆಚ್ಚು. ದಪ್ಪ ಕೂದಲಿನ ಅಗಲದ ಕಣವೊಂದು ಅಲ್ಲಿ ಕುಳಿತರೆ ಸಾಕು, ಕನ್ನಡದ ಸೊನ್ನೆಯೊಂದು ಹುಟ್ಟುತ್ತದೆ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಒರಸುವ ಮೊದಲು ಕೊಳೆಯು ಎಲ್ಲಿದೆಯೆಂದು ಗೊತ್ತುಮಾಡಿಕೊಳ್ಳಬೇಕು. ಇದಕ್ಕೆ ದುಬಾರಿಯಾದ ಸಲಕರಣೆಯೇನೂ ಬೇಡ.

ಕ್ಯಾಮರಾದಲ್ಲಿ ಬೆಳಕು ಒಳಹೋಗುವ ಕಿಂಡಿಗೆ ಅಪರ್ಚರ್ ಎನ್ನುವರು. ಅದನ್ನು ಎಫ್ ೧೬ ಅಥವಾ ಎಫ್ ೨೨ಕ್ಕೆ ಕಿರಿದುಮಾಡಿ, ಐ.ಎಸ್.ಓ. ೧೦೦ಕ್ಕೆ ಇಳಿಸಿ, ಬಿಳಿಯ ಗೋಡೆಯನ್ನಾಗಲಿ ಮೋಡವಿಲ್ಲದ ಆಕಾಶವನ್ನಾಗಲಿ ನೋಟ ಮಸುಕಾಗುವಂತೆ ಮಾಡಿ ತೆಗೆಯಿರಿ. ತೆಗೆಯುವಾಗ ಕ್ಯಾಮರಾವನ್ನು ಮೆಲ್ಲಗೆ ಕದಲಿಸಿದರೆ ಗೋಡೆಯ ಕಲೆಗಳು ಅಳಿಸಿಹೋಗುವುವು. ಒಳಗಿನ ಧೂಳು ಮಾತ್ರ ಚುಕ್ಕೆಯಾಗಿ ಉಳಿಯುವುದು. ಅದೇ ಗೋಡೆಯನ್ನು ಎಫ್ ೪ರಲ್ಲಿ ಮತ್ತೊಮ್ಮೆ ತೆಗೆಯಿರಿ. ಚುಕ್ಕೆಯು ಕರಗಿದಂತಾಗುವುದು. ಕಾರಣವೇನು? ಒಂದೇ ದೀಪವಿರುವ ಕೋಣೆಯಲ್ಲಿ ನಿಮ್ಮ ನೆರಳು ಗೋಡೆಯ ಮೇಲೆ ಗಟ್ಟಿಯಾಗಿ ಬೀಳುತ್ತದೆ. ನಾಲ್ಕೂ ಕಡೆ ಕಿಟಕಿಗಳಿರುವ ಕೋಣೆಯಲ್ಲಿ ನೆರಳು ತಿಳಿಯಾಗುತ್ತದೆ. ಕಿರಿಯ ಕಿಂಡಿಯು ಒಂಟಿ ದೀಪದಂತೆ, ಹಿರಿಯ ಕಿಂಡಿಯು ಕಿಟಕಿಗಳಂತೆ. ರಜಿಸ್ಟರಿನ ಉಬ್ಬಿದ ನಡುಭಾಗವೂ ಸ್ಪಷ್ಟವಾಗಿ ಬರಲೆಂದು ನಾನು ಎಫ್ ೧೬ರಲ್ಲಿ ತೆಗೆದಿದ್ದೆನು. ಆದುದರಿಂದಲೇ ನೆರಳು ಅಷ್ಟು ಗಟ್ಟಿಯಾಗಿ ಬಿದ್ದಿತ್ತು.

ಬಳಿಕ, ಸಾಧ್ಯವಿದ್ದರೆ ಬೇರೊಂದು ಲೆನ್ಸನ್ನು ಹಾಕಿ ನೋಡಬೇಕು. ಚುಕ್ಕೆ ಅಲ್ಲಿಯೇ ಉಳಿದರೆ ಅದು ಸೆನ್ಸರಿನ ಮೇಲಿನದು. ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಕಂಡು, ಚಿತ್ರದಲ್ಲಿ ಕಾಣದ ಧೂಳು ಒಳಗನ್ನಡಿಯ ಅಥವಾ ಅದರ ಮೇಲಿನ ಗಾಜಿನದು. ಅದು ಚಿತ್ರಕ್ಕೆ ಕೇಡು ಮಾಡದು. ಲೆನ್ಸಿನ ಮುಂಭಾಗದ ಒಂದೆರಡು ಧೂಳಿನ ಕಣಗಳು ಚಿತ್ರದಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಆದರೆ ಅಲ್ಲಿಯ ಬೆರಳಿನ ಜಿಡ್ಡು ಚುಕ್ಕೆಯಾಗಿ ಕಾಣದೆ, ಚಿತ್ರವನ್ನೆಲ್ಲ ಮಂಕುಮಾಡುತ್ತದೆ. ರಾತ್ರಿಯ ದೀಪಗಳ ಸುತ್ತ ಬೆಳಕಿನ ಬಳೆ ಕಟ್ಟುತ್ತದೆ. ಇನ್ನು ಟಾರ್ಚಿನ ಬೆಳಕನ್ನು ಲೆನ್ಸಿನ ಮೂಲಕ ಹಾಯಿಸಿದಾಗ ಜೇಡರ ಬಲೆಯಂತಹ ಎಳೆಗಳು ಕಂಡರೆ, ಅದು ಧೂಳಲ್ಲ, ಬೂಷ್ಟು. ನಮ್ಮ ಕಡಲತೀರದ ಊರಿನ ಮಳೆಗಾಲವು ಅದಕ್ಕೆ ಬಹಳ ಒಗ್ಗುತ್ತದೆ. ಅದು ಗಾಜಿನ ಲೇಪವನ್ನೇ ತಿನ್ನುವುದರಿಂದ ಹೊರಗಿನಿಂದ ಎಷ್ಟು ಒರಸಿದರೂ ಪ್ರಯೋಜನವಿಲ್ಲ.

ಸೆನ್ಸರಿನ ಮೇಲೆ ಚಿತ್ರವು ತಲೆಕೆಳಗಾಗಿ ಮೂಡುತ್ತದೆಂಬುದನ್ನು ವಿಜ್ಞಾನದಲ್ಲಿ ಓದಿದ್ದೀರಿ. ಆ ಪಾಠವು ಇಲ್ಲಿ ಕೆಲಸಕ್ಕೆ ಬರುತ್ತದೆ. ಚಿತ್ರದ ಮೇಲಿನ ಎಡಮೂಲೆಯಲ್ಲಿ ಚುಕ್ಕೆಯಿದ್ದರೆ, ಕ್ಯಾಮರಾದ ಬಾಯಿಯ ಕಡೆಯಿಂದ ನೋಡುವವನಿಗೆ ಧೂಳು ಸೆನ್ಸರಿನ ಕೆಳಗಿನ ಎಡಮೂಲೆಯಲ್ಲಿ ಸಿಗುವುದು.

ಸ್ಥಳ ತಿಳಿದ ಮೇಲೆ ಶುದ್ಧಿಯ ಕೆಲಸ. ಇಲ್ಲಿಯೂ ಮೃದುವಾದುದರಿಂದಲೇ ಆರಂಭಿಸಬೇಕು. ಅನೇಕ ಕ್ಯಾಮರಾಗಳಲ್ಲಿ ಸೆನ್ಸರಿನ ಮುಂದಿನ ಗಾಜನ್ನು ಅತಿವೇಗವಾಗಿ ನಡುಗಿಸಿ ಧೂಳನ್ನು ಉದುರಿಸುವ ಏರ್ಪಾಡಿದೆ. ಲೆನ್ಸು ಬದಲಿಸುವ ಕ್ಯಾಮರಾಗಳಲ್ಲಿ ಅದನ್ನು ೨೦೦೩ರಲ್ಲಿ ಒಲಿಂಪಸ್ ಇ-೧ ಮೊದಲು ತಂದಿತು. ಅದರಿಂದಾಗದಿದ್ದರೆ, ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಶುದ್ಧಿಗೆಂದೇ ಇರುವ ವ್ಯವಸ್ಥೆಯಿಂದ ಒಳಗನ್ನಡಿಯನ್ನು ಮೇಲೆತ್ತಿ, ಕ್ಯಾಮರಾದ ಬಾಯನ್ನು ಕೆಳಗೆ ಮಾಡಿ, ರಬ್ಬರಿನ ಗಾಳಿಬುರುಡೆಯಿಂದ ಗಾಳಿ ಹಾಯಿಸಬೇಕು. ನಡುವೆ ಬ್ಯಾಟರಿ ತೀರಿದರೆ ಕನ್ನಡಿಯು ಕೆಳಗೆ ಬೀಳುವುದು. ಆದುದರಿಂದಲೇ ಈ ಎಚ್ಚರ. ಬಾಯಿಂದ ಊದಕೂಡದು, ಉಗುಳಿನ ಹನಿ ಸಿಡಿಯುತ್ತದೆ. ಡಬ್ಬಿಯಲ್ಲಿ ತುಂಬಿದ ಗಾಳಿಯೂ ಬೇಡ, ಅದರೊಳಗಿನ ದ್ರವವು ಗಾಜಿಗೆ ಹತ್ತುತ್ತದೆ. ಇಷ್ಟಕ್ಕೂ ಹೋಗದ ಅಂಟು ಕಲೆಯಾದರೆ, ಸೆನ್ಸರಿನ ಅಳತೆಗೆ ಸರಿಯಾದ ಪಟ್ಟಿ ಮತ್ತು ದ್ರವದಿಂದ ಬಲ್ಲವರೇ ಒರಸಬೇಕು. ಇದು ವಿದ್ಯಾರ್ಥಿಗಳ ಕೆಲಸವಲ್ಲ, ನಿಮ್ಮ ಮಾಸ್ತರರ ಕೆಲಸವೂ ಅಲ್ಲ. ಲೆನ್ಸಿಗಾದರೆ, ಮೊದಲು ಗಾಳಿ, ಆಮೇಲೆ ಮೃದುವಾದ ಕುಂಚ, ಕೊನೆಗೆ ಕನ್ನಡಕದ ಬಟ್ಟೆಯಂತಹ ನಯವಾದ ಬಟ್ಟೆ. ದ್ರವವನ್ನು ಬಟ್ಟೆಗೆ ಹಾಕಬೇಕೇ ಹೊರತು ಗಾಜಿಗೆ ಸುರಿಯಬಾರದು. ನಡುವಿನಿಂದ ಅಂಚಿನ ಕಡೆಗೆ ಸುತ್ತುತ್ತ ಬರಬೇಕು. ಗಾಳಿ ಹಾಕದೆ ಒರಸಿದರೆ ಮರಳಿನ ಕಣವೇ ಗಾಜನ್ನು ಗೀರುವ ಉಗುರಾಗುತ್ತದೆ.

ನಮ್ಮ ಕ್ಯಾಮರಾಕ್ಕೆ ಗಾಳಿಬುರುಡೆಯ ನಾಲ್ಕು ಒತ್ತು ಸಾಕಾಯಿತು. ಗೋಡೆಯ ಚಿತ್ರ ತೆಗೆದೆವು, ಸೊನ್ನೆ ಇರಲಿಲ್ಲ.

ಆಗ ಒಂದು ಚರ್ಚೆ ಎದ್ದಿತು. ತೆಗೆದಿಟ್ಟ ನೂರಾರು ಪುಟಗಳ ಚಿತ್ರಗಳನ್ನು ಏನು ಮಾಡಬೇಕು? ಗಣಕಯಂತ್ರದಲ್ಲಿ ಆ ಚುಕ್ಕೆಯನ್ನು ಒಂದೇ ಏಟಿಗೆ ಎಲ್ಲ ಚಿತ್ರಗಳಿಂದಲೂ ಅಳಿಸಬಹುದು, ಮತ್ತೆ ತೆಗೆಯುವುದು ವ್ಯರ್ಥ ಶ್ರಮವೆಂದು ಕೆಲವರು ಹೇಳಿದರು. ಸ್ನೇಹಸಮ್ಮೇಳನದ ಚಿತ್ರವಾಗಿದ್ದರೆ ನಾನೂ ಒಪ್ಪುತ್ತಿದ್ದೆನು. ಆಕಾಶದಲ್ಲಿನ ಚುಕ್ಕೆಯನ್ನು ಅಳಿಸಿದರೆ ಯಾರಿಗೂ ಅನ್ಯಾಯವಾಗದು. ಆದರೆ ದಾಖಲೆಯ ಮಾತು ಬೇರೆ. ಅಳಿಸುವ ತಂತ್ರಾಂಶಕ್ಕೆ ಚುಕ್ಕೆಯ ಅಡಿಯಲ್ಲಿ ಏನಿತ್ತೆಂಬುದು ಗೊತ್ತಿಲ್ಲ. ಅದು ಅಕ್ಕಪಕ್ಕದ ಬಣ್ಣವನ್ನು ನೋಡಿ ಊಹೆಯಿಂದ ತುಂಬುತ್ತದೆ. ಆ ಸ್ಥಳದಲ್ಲಿ ಯಾವುದೋ ಪುಟದಲ್ಲಿ ನಿಜವಾದ ಸೊನ್ನೆಯೇ ಇದ್ದಿದ್ದರೆ? ಅಗಡಿಯನ್ನು ಅಂಗಡಿ ಮಾಡಿದ ನಾವು, ನಿಜವಾದ ಅಂಗಡಿಯವರನ್ನು ಅಗಡಿಯವರನ್ನಾಗಿ ಮಾಡಿಬಿಡುತ್ತಿದ್ದೆವು. ಧೂಳು ಮಾಡಿದ ತಪ್ಪನ್ನು ಕಣ್ಣಿನಿಂದ ಹಿಡಿಯಬಹುದು. ಅಂದವಾಗಿ ತಿದ್ದಿದ ತಪ್ಪನ್ನು ಹಿಡಿಯುವವರು ಯಾರು?

ಇನ್ನು ಕೆಲವರು, ಕೈಯಲ್ಲಿ ಮೊಬೈಲ್ ಇರುವಾಗ ಈ ಹಳೆಯ ಕ್ಯಾಮರಾದ ಉಸಾಬರಿಯೇಕೆ ಎಂದರು. ಮೊಬೈಲಿನ ಒಳಗೆ ಧೂಳು ಹೋಗುವುದು ಕಡಿಮೆಯೆಂಬುದು ದಿಟ. ಆದರೆ ಅದರ ಲೆನ್ಸು ಸದಾ ಬೆರಳಿನ ಜಿಡ್ಡಿಗೆ ಒಡ್ಡಿಕೊಂಡಿರುತ್ತದೆ. ಮೇಲಾಗಿ, ಈಚಿನ ಕೆಲವು ಮೊಬೈಲುಗಳು ಮಸುಕಾದ ಭಾಗವನ್ನು ತಾವೇ ಊಹಿಸಿ ತಿದ್ದಿ ಬಿಡಿಸುತ್ತವೆ. ಬೇರೆ ಸಾಧನವಿಲ್ಲದಾಗ ಲೆನ್ಸನ್ನು ಒರಸಿ ಅದನ್ನೂ ಬಳಸಬಹುದು; ಆದರೆ ಆ ಚಿತ್ರವನ್ನು ಮೂಲದೊಡನೆ ಹೋಲಿಸದೆ ನಂಬಬಾರದು.

ಹೀಗಾಗಿ ಮತ್ತೆ ಮೂರು ಭಾನುವಾರ ಕುಳಿತು ಎಲ್ಲ ಪುಟಗಳನ್ನೂ ಹೊಸದಾಗಿ ತೆಗೆದೆವು. ಆಗಲೇ ನನಗೆ ಬಹಳ ವ್ಯಥೆಯಾದ ಸಂಗತಿಯೊಂದು ನಡೆಯಿತು. ಎರಡನೆಯ ಸಲ ತಿರುವುವಾಗ ಒಂದು ಪುಟದ ಅಂಚು ಮುರಿದು, ಹಪ್ಪಳದಂತೆ ಪುಡಿಯಾಗಿ ಮೇಜಿನ ಮೇಲೆ ಬಿದ್ದಿತು. ಅದರಲ್ಲಿ ಮೂವರು ಮಕ್ಕಳ ಹುಟ್ಟೂರುಗಳ ಕೊನೆಯ ಅಕ್ಷರಗಳಿದ್ದುವು. ಮೊದಲ ಸಲದ ಚಿತ್ರದಲ್ಲಿ ಅವು ಉಳಿದಿದ್ದವೆಂಬುದೇ ಸಮಾಧಾನ. ಚುಕ್ಕೆಯಿದ್ದ ಚಿತ್ರಗಳನ್ನು ನಾವು ಅಳಿಸಿಹಾಕದೆ ಇಟ್ಟುಕೊಂಡುದು ಒಳ್ಳೆಯದೇ ಆಯಿತು. ಆದರೂ ಆ ಪುಟವನ್ನು ಎರಡು ಸಲ ತಿರುವಬೇಕಾಗಿ ಬಂದುದು ನನ್ನಿಂದ. ಕೊಳ್ಳುವ ದಿನವೇ ಅಂಗಡಿಯಲ್ಲಿ ಬಿಳಿಯ ಕಾಗದದ ಒಂದು ಚಿತ್ರವನ್ನು ಎಫ್ ೨೨ರಲ್ಲಿ ತೆಗೆದು ದೊಡ್ಡದು ಮಾಡಿ ನೋಡಿದ್ದರೆ, ಟಾರ್ಚು ಹಾಯಿಸಿ ಲೆನ್ಸನ್ನು ಪರೀಕ್ಷಿಸಿದ್ದರೆ, ಐದೇ ನಿಮಿಷ ಹಿಡಿಯುತ್ತಿತ್ತು.

ಸೆಕೆಂಡ್ ಹ್ಯಾಂಡ್ ಸಾಮಾನು ಕೊಂಡುದಕ್ಕೆ ನಾನು ನಾಚುವುದಿಲ್ಲ, ನೀವೂ ನಾಚಬೇಡಿರಿ. ನಮ್ಮಲ್ಲಿ ಅನೇಕರು ಅಣ್ಣನ ಪುಸ್ತಕದಿಂದ ಓದಿದವರು, ಅಕ್ಕನ ಸಮವಸ್ತ್ರ ತೊಟ್ಟವರು. ಬೇರೊಬ್ಬರು ಬಳಸಿದ ವಸ್ತುವಿನಲ್ಲಿ ಅವರ ಧೂಳು ಇರುವುದು ಸಹಜ. ನಾಚಬೇಕಾದುದು ಪರೀಕ್ಷಿಸದೆ ನಂಬಿದುದಕ್ಕೆ. ಹೊಸದಾದರೂ ದೋಷ ಇರಬಾರದೆಂದೇನಿಲ್ಲ. ೨೦೧೨ರಲ್ಲಿ ಹೊರಬಂದ ನಿಕಾನ್ ಡಿ ೬೦೦ ಕ್ಯಾಮರಾಗಳ ಸೆನ್ಸರಿನ ಮೇಲೆ ಹೀಗೆಯೇ ಚುಕ್ಕೆಗಳು ಕಾಣಿಸಿಕೊಂಡು, ೨೦೧೪ರಲ್ಲಿ ಆ ಕಂಪನಿಯು ಹಣ ತೆಗೆದುಕೊಳ್ಳದೆ ಸರಿಪಡಿಸಿಕೊಡಬೇಕಾಯಿತು.

ಮುಂಬಯಿಯಲ್ಲಿರುವ ನಮಗೆ ಇನ್ನೂ ಕೆಲವು ಎಚ್ಚರಗಳು ಬೇಕು. ರೈಲು ನಿಲ್ದಾಣದಲ್ಲಾಗಲಿ, ಕಟ್ಟಡ ಕಟ್ಟುವ ಸ್ಥಳದ ಬಳಿಯಲ್ಲಾಗಲಿ ಲೆನ್ಸನ್ನು ಬಿಚ್ಚಬೇಡಿರಿ. ಬಿಚ್ಚುವಾಗ ಬಾಯಿ ಕೆಳಗಿರಲಿ. ಹವಾನಿಯಂತ್ರಿತ ಕೋಣೆಯಿಂದ ಮಳೆಗಾಲದ ಹೊರಗಾಳಿಗೆ ತಂದರೆ ಗಾಜಿನ ಮೇಲೆ ಹನಿ ಕಟ್ಟುತ್ತದೆ. ಸ್ವಲ್ಪ ಹೊತ್ತು ಚೀಲದಲ್ಲಿಯೇ ಇರಿಸಿರಿ. ಮನೆಯಲ್ಲಿ ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡಿರಿ. ಅಕ್ಕಿಯ ಡಬ್ಬಿ ಬೇಡ. ಅಕ್ಕಿಗೂ ತನ್ನದೇ ಆದ ಹಿಟ್ಟಿನ ಧೂಳಿದೆ.

ವಿದ್ಯಾರ್ಥಿಗಳೇ, ಈ ಮಹಾನಗರದಲ್ಲಿ ಕನ್ನಡ ಶಾಲೆಗಳ ಮಕ್ಕಳ ಸಂಖ್ಯೆ ಇಳಿಯುತ್ತ ಬಂದಿದೆ. ನಾನೂ ಕನ್ನಡದಲ್ಲಿಯೇ ಹತ್ತನೆಯ ಇಯತ್ತೆ ಪಾಸಾಗಿ, ಹೊಟ್ಟೆಯ ಪಾಡಿಗಾಗಿ ಈ ಊರಿಗೆ ಬಂದವನು. ಗಿರಣಿಗೆ ಬಂದವರು, ಹೋಟೆಲಿಗೆ ಬಂದವರು, ಕಟ್ಟಡದ ಕೆಲಸಕ್ಕೆ ಬಂದವರು ಇವರೆಲ್ಲರ ಮಕ್ಕಳ ಹೆಸರುಗಳೂ ಊರುಗಳೂ ಕನ್ನಡ ಅಕ್ಷರಗಳಲ್ಲಿ ಒಟ್ಟಿಗೆ ಬರೆದಿರುವ ಪುಸ್ತಕ ಈ ರಜಿಸ್ಟರೊಂದೇ ಇರಬಹುದು. ಅದನ್ನು ನಕಲು ಮಾಡುವವರು ಒಂದು ಸೊನ್ನೆಯನ್ನು ಸೇರಿಸಲೂ ಬಾರದು, ಕಳೆಯಲೂ ಬಾರದು.

ಆ ಹಿರಿಯರಿಗೆ ‘ಅಗಡಿ’ ಎಂದೇ ಬರೆದ ದಾಖಲೆಯನ್ನು ಕೊಟ್ಟೆವು. ಅವರು ಅದನ್ನು ಎರಡು ಸಲ ಓದಿ, ಮಡಿಸಿ, ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಹೋದರು. ಇನ್ನೂ ಐದು ರಜಿಸ್ಟರುಗಳ ಕೆಲಸ ಬಾಕಿಯಿದೆ. ದೀಪಾವಳಿಯ ಸೂಟಿ ಮುಗಿದ ಮೇಲೆ ಮೊದಲ ಭಾನುವಾರ ಆರಂಭಿಸುವೆವು. ಮನಸ್ಸಿದ್ದವರು ಬನ್ನಿರಿ, ಬರುವಾಗ ಕೈಗಳನ್ನು ಚೆನ್ನಾಗಿ ತೊಳೆದು ಒರಸಿಕೊಂಡು ಬನ್ನಿರಿ. ಮೊದಲ ಚಿತ್ರವು ಬಿಳಿಯ ಗೋಡೆಯದಾಗಿರುವುದು.